ಶೇ. 136ರ ರೈಲು, ಶೇ. 135ರ ರೈಲು: ನೂಕುನುಗ್ಗಲನ್ನು ಅಳೆಯುವುದು ಹೇಗೆ?

ಟೋಕಿಯೊ ಸುತ್ತಮುತ್ತಲಿನ ಮುಖ್ಯ ರೈಲು ಮಾರ್ಗಗಳಲ್ಲಿ ಪೀಕ್ ಅವರ್‌ನ ಸರಾಸರಿ ದಟ್ಟಣೆ 2023ರಲ್ಲಿ ಶೇ. 136 ಇತ್ತು. ಇದು ಜಪಾನ್ ಸರ್ಕಾರವೇ ಪ್ರಕಟಿಸಿದ ಅಂಕಿ. ಅತ್ತ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಗಾಡಿ ಶೇ. 135 ದಾಟಿದರೆ ಅದು ಕಿಕ್ಕಿರಿದಿದೆ ಎಂದು ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಟೋಕಿಯೊದ ಸಾಮಾನ್ಯ ಗಾಡಿಯೂ ಸಿಡ್ನಿಯ ತುಂಬಿದ ಗಾಡಿಯೂ ಒಂದೇ ಅನ್ನಿಸುತ್ತದೆ, ಅಲ್ವಾ?

ಒಳಗೆ ಹೊಕ್ಕು ನೋಡೋಣ. ಸಿಡ್ನಿಯಲ್ಲಿ ಶೇ. 100 ಅಂದರೆ ಸೀಟುಗಳೆಲ್ಲ ಭರ್ತಿ ಎಂದಷ್ಟೇ ಅರ್ಥ. ಅಲ್ಲಿನ ಎಂಟು ಬೋಗಿಯ ಡಬಲ್ ಡೆಕರ್ ಗಾಡಿಯಲ್ಲಿ ಸುಮಾರು 900 ಸೀಟುಗಳಿವೆ. ಶೇ. 135 ಅಂದರೆ 1,215 ಜನ. 900 ಜನ ಕೂತಿದ್ದಾರೆ, 315 ಜನ ನಿಂತಿದ್ದಾರೆ. ಅಂದರೆ ನಾಲ್ವರಲ್ಲಿ ಒಬ್ಬರಿಗೆ ಸೀಟಿಲ್ಲ.

ಟೋಕಿಯೊದಲ್ಲಿ ಶೇ. 100ರ ಒಳಗೇ ನಿಂತವರೂ ಸೇರಿದ್ದಾರೆ. ಅಲ್ಲಿನ ಒಂದು ಸಾಮಾನ್ಯ ಬೋಗಿಯ ಸಾಮರ್ಥ್ಯ ಸುಮಾರು 150. ಅದರಲ್ಲಿ ಸೀಟು 50ರ ಆಸುಪಾಸು. ಶೇ. 136 ಅಂದರೆ ಒಂದು ಬೋಗಿಯಲ್ಲಿ 204 ಜನ, ಅವರಲ್ಲಿ 154 ಜನ ನಿಂತವರು. ನಾಲ್ವರಲ್ಲಿ ಮೂವರು! ಸಂಖ್ಯೆ ಹೆಚ್ಚುಕಮ್ಮಿ ಅದೇ, ಒಳಗಿನ ಚಿತ್ರ ಮಾತ್ರ ಪೂರ್ತಿ ಉಲ್ಟಾ.

ಯಾವ ಊರಿನ ರೈಲು ಹೆಚ್ಚು ತುಂಬಿದೆ ಎಂದು ಪಟ್ಟಿ ಮಾಡುವಾಗ ಎಡವುವುದು ಇಲ್ಲೇ. ಶೇಕಡಾವಾರು ಅಂದರೆ ಒಂದು ಭಾಗಾಕಾರ. ಮೇಲಿರುವುದು ಜನ, ಕೆಳಗಿರುವುದು ಸಾಮರ್ಥ್ಯ. ಜನರನ್ನು ಎಣಿಸಬಹುದು. ಸಾಮರ್ಥ್ಯವನ್ನು ಯಾರೂ ಎಣಿಸುವುದಿಲ್ಲ, ಮೇಜಿನ ಮುಂದೆ ಕೂತು ನಿಗದಿ ಮಾಡುತ್ತಾರೆ. ಒಬ್ಬ ಪ್ರಯಾಣಿಕ ಎಷ್ಟು ಕಷ್ಟ ಸಹಿಸಬೇಕು ಎಂಬ ತೀರ್ಮಾನ ಆ ಕೆಳಗಿನ ಸಂಖ್ಯೆಯಲ್ಲಿ ಅಡಗಿ ಕೂತಿರುತ್ತದೆ. ಹಾಗಾಗಿ ನೂಕುನುಗ್ಗಲನ್ನು ಗಾಡಿಯ ಕಡೆಯಿಂದ ಅಳೆಯುವುದು ಬಿಟ್ಟು, ಅದರೊಳಗೆ ನಿಂತವರ ಕಡೆಯಿಂದ ಅಳೆಯಬೇಕು ಅನ್ನುವುದು ನನ್ನ ವಾದ. ಇದು ಸುಮ್ನೆ ಲೆಕ್ಕದ ಜಗಳ ಅಲ್ಲ. ಎಲ್ಲಿ ಹೊಸ ಹಳಿ ಹಾಕಬೇಕು, ಯಾವ ಮಾರ್ಗಕ್ಕೆ ಹೊಸ ಗಾಡಿ ಕೊಡಬೇಕು ಎಂದು ತೀರ್ಮಾನ ಆಗುವುದು ಇಂಥ ಸಂಖ್ಯೆಗಳನ್ನು ನೋಡಿಯೇ.

ನೂರು ಅಂದರೆ ಎಷ್ಟು?

ಜಪಾನ್ ಒಂದು ಒಳ್ಳೆಯ ಕೆಲಸ ಮಾಡಿದೆ. ಶೇಕಡಾವಾರು ಅಂಕಿಯ ಜೊತೆಗೆ ಅದರ ಅನುಭವ ಹೇಗಿರುತ್ತದೆ ಎಂಬುದನ್ನೂ ದಶಕಗಳ ಕಾಲ ಬರೆದಿಟ್ಟಿತು. ಶೇ. 100 ಇದ್ದರೆ ಎಲ್ಲರಿಗೂ ಸೀಟೋ, ಹಿಡಿದುಕೊಳ್ಳಲು ಒಂದು ಹಿಡಿಯೋ, ಬಾಗಿಲ ಬಳಿಯ ಕಂಬವೋ ಸಿಗುತ್ತದೆ. ಶೇ. 150 ಇದ್ದರೆ ದಿನಪತ್ರಿಕೆಯನ್ನು ಬಿಡಿಸಿ ಹಿಡಿದು ಆರಾಮಾಗಿ ಓದಬಹುದು. 180ಕ್ಕೆ ಪತ್ರಿಕೆ ಮಡಚಿ, ಕಷ್ಟಪಟ್ಟು ಓದಬೇಕು. 200ಕ್ಕೆ ಮೈಗೆ ಮೈ ತಾಗುತ್ತದೆ, ಒತ್ತಡ ಗೊತ್ತಾಗುತ್ತದೆ, ವಾರಪತ್ರಿಕೆಯನ್ನು ಹೇಗೋ ಓದಬಹುದು. 250 ಮುಟ್ಟಿದರೆ ಗಾಡಿ ವಾಲಿದಾಗಲೆಲ್ಲ ಮೈಯೂ ವಾಲುತ್ತದೆ, ಕೈ ಕೂಡ ಅಲ್ಲಾಡಿಸಲು ಆಗುವುದಿಲ್ಲ.

ಇನ್ನೊಂದು ಮಾತು. ಶೇ. 200 ಅಂದರೆ 100ರ ಎರಡು ಪಟ್ಟು ಕಷ್ಟ ಎಂದುಕೊಂಡರೆ ತಪ್ಪಾಗುತ್ತದೆ. ಸೀಟುಗಳು ಹೆಚ್ಚುವುದಿಲ್ಲವಲ್ಲ. ಮೇಲಿನ ಬೋಗಿಯನ್ನೇ ತೆಗೆದುಕೊಳ್ಳಿ. ಶೇ. 100ರಲ್ಲಿ 50 ಜನ ಕೂತಿದ್ದರು, 100 ಜನ ನಿಂತಿದ್ದರು. ಶೇ. 200ರಲ್ಲಿ 50 ಜನ ಕೂತಿರುತ್ತಾರೆ, 250 ಜನ ಅದೇ ನೆಲದ ಮೇಲೆ ನಿಂತಿರುತ್ತಾರೆ. ಎರಡೂವರೆ ಪಟ್ಟು. ಹೆಚ್ಚಾದ ಭಾರವೆಲ್ಲ ಬೀಳುವುದು ಆಗಲೇ ನಿಂತವರ ಮೇಲೆ.

ಹಾಂಗ್‌ಕಾಂಗ್‌ನ ಮೆಟ್ರೊ ರೈಲು ಎಂಟಿಆರ್‌ನ ಕಥೆ ಬೇರೆ. ಅಲ್ಲಿ ಒಂದು ಚದರ ಮೀಟರ್ ನೆಲದಲ್ಲಿ 6 ಜನ ನಿಲ್ಲುತ್ತಾರೆ ಎಂಬ ಲೆಕ್ಕದಲ್ಲಿ ಗಾಡಿಗಳ ಸಾಮರ್ಥ್ಯ ನಿಗದಿಯಾಗಿತ್ತು. ಕ್ರಮೇಣ ಜನ ಅಷ್ಟು ಒತ್ತೊತ್ತಾಗಿ ನಿಲ್ಲಲು ಒಪ್ಪದಾದರು. ಕೈಯಲ್ಲಿ ಫೋನ್ ಹಿಡಿದು ನಿಲ್ಲುವವರಿಗೆ ಜಾಸ್ತಿ ಜಾಗ ಬೇಕು. ಒಳಗೆ ಇನ್ನೂ ಹತ್ತಬಹುದು ಅನ್ನಿಸಿದರೂ ಮುಂದಿನ ಗಾಡಿಗೆ ಕಾಯುತ್ತಾರೆ. 2010ರ ದಶಕದಲ್ಲಿ 4 ಜನರ ಲೆಕ್ಕದಲ್ಲೂ ಅಂಕಿ ಕೊಡುವುದು ಶುರುವಾಯಿತು. ಹಳೇ ಲೆಕ್ಕದಲ್ಲಿ ಶೇ. 70ರಷ್ಟು ಮಾತ್ರ ತುಂಬಿದ್ದ ಮಾರ್ಗ ಹೊಸ ಲೆಕ್ಕದಲ್ಲಿ ಶೇ. 100ರ ಹತ್ತಿರ ಬಂದು ನಿಂತಿತು. ಗಾಡಿ ಅದೇ, ಜನ ಅಷ್ಟೇ.

ಬ್ರಿಟನ್‌ನಲ್ಲಿ ಸಮಯವೂ ಲೆಕ್ಕಕ್ಕೆ ಬರುತ್ತದೆ. ಎರಡು ನಿಲ್ದಾಣಗಳ ನಡುವಿನ ಓಟ 20 ನಿಮಿಷಕ್ಕಿಂತ ಜಾಸ್ತಿ ಇದ್ದರೆ ಸೀಟುಗಳಷ್ಟೇ ಆ ಗಾಡಿಯ ಸಾಮರ್ಥ್ಯ. 20 ನಿಮಿಷದ ಒಳಗಿದ್ದರೆ ಮಾತ್ರ ನಿಲ್ಲುವ ಜಾಗವನ್ನೂ ಸೇರಿಸುತ್ತಾರೆ. ಅಷ್ಟು ಹೊತ್ತಿಗಿಂತ ಜಾಸ್ತಿ ಯಾರನ್ನೂ ನಿಲ್ಲಿಸಬಾರದು ಅನ್ನುವುದು ಇದರ ಹಿಂದಿರುವ ಯೋಚನೆ. ನನಗೆ ಇದು ಇಷ್ಟವಾಗುತ್ತದೆ. ಹತ್ತು ನಿಮಿಷ ಇಕ್ಕಟ್ಟಿನಲ್ಲಿ ನಿಲ್ಲುವುದಕ್ಕೂ ಒಂದು ಗಂಟೆಗೂ ಮೇಲೆ ಹಾಗೆ ನಿಲ್ಲುವುದಕ್ಕೂ ಅಜಗಜಾಂತರ.

ಈಗ ಮುಂಬೈಗೆ ಬರೋಣ. ಇಲ್ಲಿನ ಲೋಕಲ್‌ಗಳಿಗಾಗಿ ರೈಲ್ವೆಯವರು ಒಂದು ಪ್ರತ್ಯೇಕ ಪದವನ್ನೇ ಬಳಸುತ್ತಾರೆ: ಸೂಪರ್ ಡೆನ್ಸ್ ಕ್ರಶ್ ಲೋಡ್. ಒಂದು ಚದರ ಮೀಟರ್‌ಗೆ 14ರಿಂದ 16 ಜನ ನಿಲ್ಲುವ ಸ್ಥಿತಿ ಅದು. 16 ಜನ ಅಂದರೆ ಒಬ್ಬರ ಪಾಲಿಗೆ 25 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ನೆಲ. ದೊಡ್ಡವರ ಒಂದು ಪಾದವೇ ಹೆಚ್ಚುಕಮ್ಮಿ ಅಷ್ಟು ಉದ್ದ ಇರುತ್ತದೆ. ಭುಜದ ಅಗಲ ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ನೇರವಾಗಿ ನಿಲ್ಲುವ ಮಾತೇ ಇಲ್ಲ. ಮೈಯನ್ನು ಓರೆ ಮಾಡಬೇಕು. ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಳ್ಳಬೇಕು. ಹತ್ತುವಾಗ ಕೈ ಮೇಲಿದ್ದರೆ ಇಳಿಯುವ ತನಕ ಮೇಲೇ ಇರುತ್ತದೆ, ಕೆಳಗಿದ್ದರೆ ಕೆಳಗೇ. ಮೂರು ಜನರ ಸೀಟಿನ ಅಂಚಿನಲ್ಲಿ ನಾಲ್ಕನೆಯವರು ಅರ್ಧ ಕೂರುತ್ತಾರೆ. ಆ 'ಫೋರ್ತ್ ಸೀಟ್' ಅಲ್ಲಿ ಹಕ್ಕಿನ ಹಾಗೇ ಆಗಿಬಿಟ್ಟಿದೆ. ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಮೊದಲೇ ಕೇಳಿ ಸೀಟು ಹಿಡಿಯುವುದೂ ರೂಢಿ. ವಿರಾರ್‌ನಿಂದ ಚರ್ಚ್‌ಗೇಟ್‌ಗೆ 60 ಕಿ.ಮೀ. ಫಾಸ್ಟ್ ಲೋಕಲ್‌ನಲ್ಲಿ ಹೋದರೂ ಒಂದು ಗಂಟೆ ಮೀರುತ್ತದೆ. ಬ್ರಿಟನ್ನಿನ 20 ನಿಮಿಷದ ಮಾತನ್ನು ಇಲ್ಲಿ ನೆನಪಿಸಿಕೊಳ್ಳಿ.

ಒಂಬತ್ತು ಬೋಗಿಯ ಲೋಕಲ್‌ನ ಸಾಮರ್ಥ್ಯ, ನಿಂತವರನ್ನೂ ಸೇರಿಸಿ, ಸುಮಾರು 1,700 ಎಂದು ಲೆಕ್ಕ. ಪೀಕ್ ಅವರ್‌ನಲ್ಲಿ ಅದು 4,500ಕ್ಕೂ ಹೆಚ್ಚು ಜನರನ್ನು ಹೊತ್ತ ಅಂಕಿಗಳಿವೆ. ಜಪಾನಿನ ರೀತಿಯಲ್ಲಿ ಹೇಳಿದರೆ ಇದು ಶೇ. 260ನ್ನು ದಾಟುತ್ತದೆ. ಅವರ ಪಟ್ಟಿ 250ಕ್ಕೇ ಮುಗಿದುಹೋಗುತ್ತದೆ.

ಸರಾಸರಿ ಮುಚ್ಚಿಡುವ ಸಂಗತಿ

ಒಂದು ಗಂಟೆಯಲ್ಲಿ ಮೂರು ಗಾಡಿ ಬಂದವು ಎಂದುಕೊಳ್ಳಿ. ಒಂದೊಂದರ ಸಾಮರ್ಥ್ಯ 1,000. ಮೊದಲನೆಯದರಲ್ಲಿ 500 ಜನ, ಎರಡನೆಯದರಲ್ಲಿ 1,000, ಮೂರನೆಯದರಲ್ಲಿ 1,500. ಒಟ್ಟು 3,000 ಜಾಗ, 3,000 ಜನ. ಸರಾಸರಿ ಶೇ. 100. ವರದಿಯಲ್ಲಿ ಎಲ್ಲವೂ ಸರಿಯಾಗಿದೆ.

ಈಗ ಆ 3,000 ಜನರನ್ನೇ ಕೇಳಿ. ಅವರಲ್ಲಿ ಅರ್ಧದಷ್ಟು, ಅಂದರೆ 1,500 ಜನ, ಶೇ. 150 ತುಂಬಿದ ಗಾಡಿಯಲ್ಲಿದ್ದರು. ಖಾಲಿ ಗಾಡಿಯ ಸುಖ ಕಂಡವರು ಆರರಲ್ಲಿ ಒಬ್ಬರು ಮಾತ್ರ. ಒಬ್ಬೊಬ್ಬರ ಅನುಭವವನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ ಶೇ. 117 ಬರುತ್ತದೆ. ತುಂಬಿದ ಗಾಡಿಯಲ್ಲಿ ಜನ ಜಾಸ್ತಿ ಇರುತ್ತಾರೆ, ಆದ್ದರಿಂದ ಅದನ್ನು ಅನುಭವಿಸುವವರೂ ಜಾಸ್ತಿ. ಇಷ್ಟು ಸರಳ. ಹೀಗಿದ್ದೂ ಟೋಕಿಯೊದ ಅಂಕಿ ಒಂದು ಗಂಟೆಯ ಸರಾಸರಿ. ಆಯ್ದ ಮುಖ್ಯ ಮಾರ್ಗಗಳ ಅಂಥ ಸರಾಸರಿಗಳಿಗೆ ಮತ್ತೊಂದು ಸರಾಸರಿ ಹಾಕಿದಾಗ ಬರುವುದೇ ಆ 136.

ಬ್ರಿಟನ್ ಇಲ್ಲಿಯೂ ಸರಿಯಾದ ದಾರಿ ಹಿಡಿದಿದೆ. ಸಾಮರ್ಥ್ಯ ಮೀರಿ ಹತ್ತಿದವರನ್ನು ಗಾಡಿ ಗಾಡಿಗೂ ಎಣಿಸಿ, ಒಟ್ಟು ಪ್ರಯಾಣಿಕರಲ್ಲಿ ಅವರ ಪಾಲು ಎಷ್ಟು ಎಂದು ಹೇಳುತ್ತಾರೆ. ಹಿಂದಿನ ಗಾಡಿ ಖಾಲಿ ಬಂತು ಎಂದು ಮುಂದಿನ ಗಾಡಿಯ ಒತ್ತಡ ಕಾಗದದ ಮೇಲೆ ಕರಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಈ ಲೆಕ್ಕ ಹಾಕಿದರೆ 3,000 ಜನರಲ್ಲಿ 500 ಜನ ಹೆಚ್ಚುವರಿ ಎಂದು ತಕ್ಷಣ ಕಾಣುತ್ತದೆ.

ಗಾಡಿ ಗಾಡಿಗೆ ಇರುವ ಈ ವ್ಯತ್ಯಾಸ ಎಂಥ ಸಿಟ್ಟು ಹುಟ್ಟಿಸಬಹುದು ಎಂಬುದು 2022ರ ಆಗಸ್ಟ್‌ನಲ್ಲಿ ಮುಂಬೈನ ಸೆಂಟ್ರಲ್ ಮಾರ್ಗದಲ್ಲಿ ಕಂಡಿತು. ಕೆಲವು ಸಾಮಾನ್ಯ ಲೋಕಲ್‌ಗಳ ಜಾಗದಲ್ಲಿ ಎಸಿ ಲೋಕಲ್ ಓಡಿಸಿದರು. ಗಾಡಿಗಳ ಒಟ್ಟು ಸಂಖ್ಯೆ ಕಮ್ಮಿಯಾಗಲಿಲ್ಲ. ಆದರೆ ಎಸಿ ಲೋಕಲ್‌ನ ಟಿಕೆಟ್ ದುಬಾರಿ. ಸಾಮಾನ್ಯ ಪಾಸ್ ಇದ್ದವರು ಅದನ್ನು ಹತ್ತುವಂತಿಲ್ಲ. ಅವರೆಲ್ಲ ಮುಂದಿನ ಲೋಕಲ್ ಮೇಲೆ ಬಿದ್ದರು. ಕಳವಾ, ಬದ್ಲಾಪುರಗಳಲ್ಲಿ ಜನ ಪ್ರತಿಭಟನೆಗೆ ಇಳಿದರು. ಕೊನೆಗೆ ಹೊಸದಾಗಿ ಸೇರಿಸಿದ್ದ 10 ಎಸಿ ಓಡಾಟಗಳನ್ನು ರೈಲ್ವೆ ಹಿಂತೆಗೆದುಕೊಂಡಿತು. ಎಸಿ ಬೇಡ ಎಂಬುದು ಆ ಜಗಳದ ತಿರುಳಾಗಿರಲಿಲ್ಲ. ತಮ್ಮ ಗಾಡಿ ಕಾಣೆಯಾಯಿತು ಎಂಬುದಾಗಿತ್ತು.

ಒಂದೇ ಗಾಡಿಯ ಒಳಗೂ ಜನ ಸಮನಾಗಿ ಹರಡಿಕೊಳ್ಳುವುದಿಲ್ಲ. ಹೊರಹೋಗುವ ದಾರಿ ಎಲ್ಲಿದೆಯೋ ಅಲ್ಲಿಗೆ ಹತ್ತಿರದ ಬೋಗಿ ಮೊದಲು ತುಂಬುತ್ತದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 2012ರ ಫೆಬ್ರುವರಿ 22ರಂದು ಒನ್ಸೆ ನಿಲ್ದಾಣಕ್ಕೆ ಬಂದ ಉಪನಗರ ರೈಲು ನಿಲ್ಲದೆ ಹಳಿಯ ಕೊನೆಯ ತಡೆಗೆ ಗುದ್ದಿತು. 51 ಜನ ಸತ್ತರು. ಇಳಿದ ಕೂಡಲೇ ಹೊರಬೀಳಬಹುದು ಎಂದು ಜನ ಮುಂದಿನ ಬೋಗಿಗಳಲ್ಲೇ ಒತ್ತಿಕೊಂಡಿದ್ದರು. ಎರಡನೆಯ ಬೋಗಿ ಮೊದಲನೆಯದರ ಒಳಗೆ ನುಗ್ಗಿತು.

ಲೆಕ್ಕಕ್ಕೇ ಬಾರದವರು

ಹತ್ತಲಾಗದೆ ಪ್ಲಾಟ್‌ಫಾರ್ಮ್‌ನಲ್ಲೇ ಉಳಿದವರು ಯಾವ ಶೇಕಡಾವಾರು ಅಂಕಿಯಲ್ಲೂ ಇಲ್ಲ. ಮಗುವನ್ನು ಎತ್ತಿಕೊಂಡವರು, ವಯಸ್ಸಾದವರು, ಕಾಲು ನೋವಿರುವವರು ಒಂದರ ಹಿಂದೆ ಒಂದು ಗಾಡಿ ಬಿಡುತ್ತಾರೆ. ಕೆಲವರು ಆ ಹೊತ್ತಿನ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ವಿಚಿತ್ರ ಅಂದರೆ, ದುರ್ಬಲರು ಹೀಗೆ ಹೊರಗುಳಿದಷ್ಟೂ ಗಾಡಿಯ ಅಂಕಿ ಚೆನ್ನಾಗಿ ಕಾಣುತ್ತದೆ. ಮುಂಬೈನಲ್ಲಿ ಇದರ ಇನ್ನೊಂದು ಮುಖವೂ ಇದೆ. ಸೀಟು ಸಿಗಲಿ ಎಂದು ಜನ ಉಲ್ಟಾ ದಿಕ್ಕಿನ ಗಾಡಿ ಹತ್ತಿ, ಕೊನೆಯ ನಿಲ್ದಾಣದ ತನಕ ಹೋಗಿ, ಅದೇ ಗಾಡಿಯಲ್ಲಿ ಕೂತು ವಾಪಸ್ ಬರುತ್ತಾರೆ.

ಬಾಗಿಲಲ್ಲಿ ನೇತಾಡುವವರನ್ನು ಎಲ್ಲಿ ಸೇರಿಸಬೇಕು? ಬೋಗಿಯ ನೆಲ ಅವರ ಪಾಲಿಗೆ ಬರುವುದೇ ಇಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ಎದುರುಬದುರು ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿದ್ದವರು ಹಳಿಗೆ ಬಿದ್ದು ಪ್ರಾಣ ಬಿಟ್ಟರು. ಮುಂಬೈ ಉಪನಗರ ರೈಲು ಜಾಲದಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಹಳಿ ದಾಟುವಾಗ ಸಾಯುವವರೇ ಅದರಲ್ಲಿ ಹೆಚ್ಚು, ಗಾಡಿಯಿಂದ ಬಿದ್ದು ಸಾಯುವವರೂ ನೂರಾರು. ದಟ್ಟಣೆ ಗಾಡಿಯ ಒಳಗಷ್ಟೇ ಇರುವುದೂ ಇಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟೋನ್ ರೋಡ್ ನಿಲ್ದಾಣದ ಮೇಲ್ಸೇತುವೆಯಲ್ಲಿ ಕಾಲ್ತುಳಿತಕ್ಕೆ 23 ಜನ ಬಲಿಯಾದರು. ಅವರು ಯಾವ ಗಾಡಿಯಲ್ಲೂ ಇರಲಿಲ್ಲ.

ಜಕಾರ್ತಾದ ಉದಾಹರಣೆ ಇಲ್ಲಿ ಮುಖ್ಯ. ಒಂದು ಕಾಲಕ್ಕೆ ಅಲ್ಲಿನ ಉಪನಗರ ರೈಲುಗಳ ಚಾವಣಿಯ ಮೇಲೂ ಜನ ಕೂರುತ್ತಿದ್ದರು. ಅವರನ್ನು ತಡೆಯಲು 2012ರಲ್ಲಿ ಹಳಿಯ ಮೇಲೆ ಕಾಂಕ್ರೀಟ್ ಗುಂಡುಗಳನ್ನು ನೇತುಹಾಕಿದ್ದೂ ಉಂಟು. 2013ರಲ್ಲಿ ಎಸಿ ಇಲ್ಲದ ಹಳೇ ಗಾಡಿಗಳನ್ನು ನಿಲ್ಲಿಸಿದರು, ಎಲೆಕ್ಟ್ರಾನಿಕ್ ಟಿಕೆಟ್ ತಂದರು. ಟೋಕಿಯೊ ಸುತ್ತಮುತ್ತ ಓಡಿ ನಿವೃತ್ತಿಯಾದ ಗಾಡಿಗಳನ್ನೇ ತರಿಸಿ ಓಡಿಸಿದರು. ಆಮೇಲೆ ಪ್ರಯಾಣಿಕರು ಜಾಸ್ತಿಯಾದರೇ ಹೊರತು ಕಮ್ಮಿಯಾಗಲಿಲ್ಲ. ಒಳಗೆ ಇಕ್ಕಟ್ಟು ಇದ್ದೇ ಇದೆ. ಆದರೆ ಚಾವಣಿ ಖಾಲಿಯಾಯಿತು, ಬಾಗಿಲು ಮುಚ್ಚಿತು. ದಟ್ಟಣೆಯ ಶೇಕಡಾವಾರು ಅಂಕಿಯೊಂದನ್ನೇ ನೋಡಿದರೆ ಇದು ಸುಧಾರಣೆ ಎಂದೇ ಕಾಣುವುದಿಲ್ಲ.

30 ಸೆಕೆಂಡಿನ ಬೆಲೆ

ಜಾಸ್ತಿ ಜನ ಹಿಡಿಸುವ ಗಾಡಿ ತಂದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಉತ್ತರ ಇರುವುದು ಬಾಗಿಲಲ್ಲಿ. ಎರಡು ನಿಮಿಷಕ್ಕೊಂದು ಗಾಡಿ ಬಿಟ್ಟರೆ ಗಂಟೆಗೆ 30 ಗಾಡಿ ಓಡುತ್ತವೆ. ಅತಿ ಜನ ಇರುವ ಒಂದು ನಿಲ್ದಾಣದಲ್ಲಿ ಹತ್ತಿ ಇಳಿಯಲು ಪ್ರತಿ ಗಾಡಿಗೂ 30 ಸೆಕೆಂಡ್ ಜಾಸ್ತಿ ಹಿಡಿಯಿತು ಅನ್ನಿ. ಎರಡು ನಿಮಿಷ ಎರಡೂವರೆ ಆಯಿತು. ಗಂಟೆಗೆ 24 ಗಾಡಿ. ಆರು ಗಾಡಿಗಳ ಜಾಗ ಮಾಯ! ಅವುಗಳ ಜನ ಉಳಿದ 24ರ ಮೇಲೆ ಬೀಳುತ್ತಾರೆ, ಬಾಗಿಲಲ್ಲಿ ಇನ್ನಷ್ಟು ತಡವಾಗುತ್ತದೆ. ದಟ್ಟಣೆ ತನ್ನನ್ನು ತಾನೇ ಬೆಳೆಸಿಕೊಳ್ಳುವುದು ಹೀಗೆ.

ಡಬಲ್ ಡೆಕರ್‌ಗಳ ತೊಂದರೆಯೂ ಇದೇ. ಸೀಟು ಜಾಸ್ತಿ, ಆದರೆ ಮೆಟ್ಟಿಲಿಳಿದು ಬಾಗಿಲಿಗೆ ಬರಲು ಹೊತ್ತು ಹಿಡಿಯುತ್ತದೆ. ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಓಡಾಡುವ ಪ್ಯಾರಿಸ್‌ನ ಉಪನಗರ ರೈಲು ಜಾಲದ ಆರ್‌ಇಆರ್ ಎ ಮಾರ್ಗದಲ್ಲಿ ಡಬಲ್ ಡೆಕರ್ ಓಡಿಸುವಾಗ ಬೋಗಿಯ ಒಂದೊಂದು ಬದಿಗೂ ಮೂರು ಅಗಲ ಬಾಗಿಲು ಇಟ್ಟರು. ಟೋಕಿಯೊದ ಯಮನೋತೆ ಮಾರ್ಗದಲ್ಲಿ 1990ರ ದಶಕದಿಂದ ಬದಿಗೆ ಆರು ಬಾಗಿಲಿನ ಬೋಗಿಗಳಿದ್ದವು. ಅವುಗಳ ಸೀಟುಗಳನ್ನು ಬೆಳಗ್ಗೆ 10 ಗಂಟೆಯ ತನಕ ಮಡಚಿ ಬೀಗ ಹಾಕಿಡುತ್ತಿದ್ದರು. ಎಲ್ಲರೂ ನಿಲ್ಲಲೇಬೇಕು. ಪ್ಲಾಟ್‌ಫಾರ್ಮ್‌ಗೆ ಗೇಟು ಹಾಕುವ ಕಾಲ ಬಂದಾಗ ಬಾಗಿಲುಗಳು ಒಂದೇ ಅಳತೆಗೆ ಬರಬೇಕಾಯಿತು. 2011ರ ಹೊತ್ತಿಗೆ ಆ ಬೋಗಿಗಳು ಮರೆಯಾದವು.

ಟೋಕಿಯೊದಲ್ಲಿ ಕಡಿಮೆಯಾದದ್ದು ಹೇಗೆ?

1975ರಲ್ಲಿ ಟೋಕಿಯೊ ಪ್ರದೇಶದ ಸರಾಸರಿ ಶೇ. 221 ಇತ್ತು. 2019ಕ್ಕೆ 163ಕ್ಕೆ ಬಂತು. ಕೋವಿಡ್‌ನ 2020ರಲ್ಲಿ 107ಕ್ಕೆ ಬಿದ್ದು, ಮತ್ತೆ ಏರತೊಡಗಿತು. ಕೋವಿಡ್‌ನ ಇಳಿತ ಎಲ್ಲರ ಕಣ್ಣಿಗೂ ಬೀಳುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 221ರಿಂದ 163ರ ತನಕದ ದಾರಿ.

ಆ ದಾರಿಯಲ್ಲಿ ಜಾದೂ ಏನೂ ಇಲ್ಲ, ಹಳಿ ಇದೆ. 1960ರ ದಶಕದ ನಡುವಿನಿಂದ ಆಗಿನ ಸರ್ಕಾರಿ ರೈಲ್ವೆ ಟೋಕಿಯೊಗೆ ಬರುವ ಐದು ದಿಕ್ಕಿನ ಮಾರ್ಗಗಳಲ್ಲಿ ಹಳಿಗಳನ್ನು ಹೆಚ್ಚಿಸಿ, ಲೋಕಲ್‌ಗಳನ್ನೂ ದೂರದ ಗಾಡಿಗಳನ್ನೂ ಬೇರೆ ಮಾಡುವ ಕೆಲಸಕ್ಕೆ ಕೈಹಾಕಿತು. ಖಾಸಗಿ ಕಂಪನಿಗಳಿಗೆ ಹಣ ಹೊಂದಿಸಲು 1986ರಲ್ಲಿ ಒಂದು ಕಾನೂನು ಬಂತು. ಟಿಕೆಟ್ ಮೇಲೆ ಸ್ವಲ್ಪ ಹೆಚ್ಚುವರಿ ವಸೂಲು ಮಾಡಿ, ಅದನ್ನು ಮುಂದೆ ಹಾಕುವ ಹಳಿಗಾಗಿಯೇ ಕೂಡಿಡುವ ವ್ಯವಸ್ಥೆ ಅದು. ಅಂಥ ಒಂದು ಖಾಸಗಿ ಕಂಪನಿಯ ಒಡಾಕ್ಯು ಮಾರ್ಗದ ಮುಖ್ಯ ಭಾಗದಲ್ಲಿ ಎರಡು ಹಳಿಯನ್ನು ನಾಲ್ಕು ಮಾಡುವ ಕೆಲಸ ಸುಮಾರು 30 ವರ್ಷ ಹಿಡಿದು 2018ರ ಮಾರ್ಚ್‌ನಲ್ಲಿ ಮುಗಿಯಿತು. ಶೇ. 190ರ ಮೇಲಿದ್ದ ದಟ್ಟಣೆ 160ರ ಕೆಳಗೆ ಬಂತು.

ಜನ ಬೇರೆ ಹೊತ್ತಿನಲ್ಲಿ ಪ್ರಯಾಣ ಮಾಡಲಿ ಎಂಬ ಪ್ರಯತ್ನಗಳೂ ನಡೆದವು, ಫಲ ಕಮ್ಮಿ. ಜಪಾನಿನಲ್ಲಿ ಪಾಸ್‌ನ ದುಡ್ಡನ್ನು ಸಾಮಾನ್ಯವಾಗಿ ಕೆಲಸ ಕೊಟ್ಟ ಕಂಪನಿ ತುಂಬುತ್ತದೆ. 2023ರ ಮಾರ್ಚ್‌ನಲ್ಲಿ ಟೋಕಿಯೊ ಭಾಗದ ದೊಡ್ಡ ರೈಲು ಕಂಪನಿ ಜೆಆರ್ ಈಸ್ಟ್, ಪೀಕ್ ಅವರ್ ಬಿಟ್ಟು ಓಡಾಡುವವರಿಗೆ ಅಗ್ಗದ ಪಾಸ್ ತಂದಿತು. ಉಳಿಯುವ ದುಡ್ಡು ನೌಕರನ ಜೇಬಿಗೆ ಬರುವುದಿಲ್ಲ, ಆಫೀಸಿನ ಹೊತ್ತು ನೌಕರನ ಕೈಯಲ್ಲಿಲ್ಲ. ಹಾಗಿರುವಾಗ ಯಾರು ಬದಲಾಗುತ್ತಾರೆ?

ಮುಂಬೈನಲ್ಲೂ ಹಳಿ ಸೇರುತ್ತಿದೆ. ಠಾಣೆ–ದಿವಾ ನಡುವಿನ ಐದನೇ, ಆರನೇ ಹಳಿ 2022ರ ಫೆಬ್ರುವರಿಯಲ್ಲಿ ಬಳಕೆಗೆ ಬಂದವು. ಹದಿನೈದು ಬೋಗಿಯ ಗಾಡಿಗಳು ಓಡುತ್ತಿವೆ. ಆದರೆ ಹೊಸ ಹಳಿ ಬಂದಾಗ ದಟ್ಟಣೆ ಶೇಕಡಾ ಎಷ್ಟು ಇಳಿಯಿತು ಎಂದು ಕೇಳುವ ಬದಲು ಬೇರೆ ಪ್ರಶ್ನೆ ಕೇಳಬೇಕು. ಚದರ ಮೀಟರ್‌ಗೆ 8 ಜನಕ್ಕಿಂತ ಜಾಸ್ತಿ ಇರುವ ಗಾಡಿಯಲ್ಲಿ 20 ನಿಮಿಷ ಮೀರಿ ನಿಂತವರು ದಿನಕ್ಕೆ ಎಷ್ಟು ಜನ? ಹತ್ತಲಾಗದೆ ಉಳಿದವರು ಎಷ್ಟು? ಬಾಗಿಲು ತೆರೆದೇ ಓಡಿದ ಗಾಡಿಗಳು ಎಷ್ಟು? ಇವುಗಳಿಗೆ ಉತ್ತರ ಸಿಕ್ಕರೆ ವಿರಾರ್, ಡೊಂಬಿವಲಿಯ ಪ್ರಯಾಣಿಕರನ್ನು ಟೋಕಿಯೊ, ಸಾವೊ ಪೌಲೊ, ಜಕಾರ್ತಾದವರ ಜೊತೆ ನ್ಯಾಯವಾಗಿ ಹೋಲಿಸಬಹುದು.

ಅಳೆಯುವುದು ಕಷ್ಟ ಎಂಬ ನೆಪ ಈಗ ನಡೆಯುವುದಿಲ್ಲ. ಏರ್ ಸ್ಪ್ರಿಂಗ್ (ಬೋಗಿಯನ್ನು ಹೊರುವ, ಗಾಳಿ ತುಂಬಿದ ಸ್ಪ್ರಿಂಗ್) ಇರುವ ಹೊಸ ಗಾಡಿಗಳಲ್ಲಿ ಬೋಗಿಯ ಭಾರ ಎಷ್ಟು ಎಂದು ಗಾಡಿಗೇ ಗೊತ್ತಾಗುತ್ತದೆ. ಬ್ರೇಕ್ ಎಷ್ಟು ಒತ್ತಬೇಕು ಎಂದು ತೀರ್ಮಾನಿಸಲು ಅದು ಬೇಕೇಬೇಕು. ಯಮನೋತೆ ಮಾರ್ಗದ ಯಾವ ಬೋಗಿ ಎಷ್ಟು ತುಂಬಿದೆ ಎಂದು ಜೆಆರ್ ಈಸ್ಟ್ 2014ರಿಂದಲೇ ಆ್ಯಪ್‌ನಲ್ಲಿ ತೋರಿಸುತ್ತಿದೆ. ಅಂಥ ಅಂಕಿಗಳನ್ನು ಬೋಗಿವಾರು, ಗಾಡಿವಾರು ಕೂಡಿಸಿ, ವರ್ಷಕ್ಕೊಮ್ಮೆ ಜನರ ಮುಂದಿಡಲು ಹೊಸ ಯಂತ್ರ ಏನೂ ಬೇಕಿಲ್ಲ. ರೈಲು ಓಡಿಸುವವರು ಮನಸ್ಸು ಮಾಡಬೇಕು, ಕೊಡಿ ಎಂದು ಪ್ರಯಾಣಿಕರ ಸಂಘಗಳು ಪಟ್ಟು ಹಿಡಿಯಬೇಕು.